ನೀರು ನಿಲ್ಲಿಸುವ ಮಣ್ಣು

ಮಳೆಗಾಲದಲ್ಲಿ ಅಂಗಳದ ತಗ್ಗುಗಳಲ್ಲಿ ನೀರು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ತಗ್ಗಿನ ನೀರು ಮಳೆ ನಿಂತ ಅರ್ಧ ಗಂಟೆಯೊಳಗೆ ಮಾಯವಾಗುತ್ತದೆ. ಹತ್ತು ಹೆಜ್ಜೆ ದೂರದ ಇನ್ನೊಂದು ತಗ್ಗಿನಲ್ಲಿ ಅದೇ ನೀರು ವಾರವಾದರೂ ಉಳಿದಿರುತ್ತದೆ. ಅದರಲ್ಲಿ ಕಪ್ಪೆ ಕೂಗುತ್ತದೆ, ಗುಬ್ಬಿ ಮೀಯುತ್ತದೆ. ಎರಡರ ಮೇಲೂ ಸುರಿದುದು ಒಂದೇ ಮಳೆ. ಎರಡನ್ನೂ ಕಾಯಿಸಿದುದು ಒಂದೇ ಬಿಸಿಲು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂದಿತು? ಅದು ಬಂದುದು ತಳದ ಮಣ್ಣಿನಿಂದ.

ನಮ್ಮ ಶಾಲೆಯ ಕೈತೋಟದಲ್ಲಿ ಒಂದು ಸಣ್ಣ ಕೊಳವನ್ನು ಮಾಡಬೇಕೆಂದು ಬಯಸಿದ್ದೇವೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ನೈದಿಲೆ ಅರಳಬೇಕು, ಕೊಡತಿ ಹುಳುಗಳು ಹಾರಾಡಬೇಕು, ಬೇಸಿಗೆಯಲ್ಲಿ ಹಕ್ಕಿಗಳಿಗೆ ಗುಟುಕು ನೀರು ದೊರೆಯಬೇಕು. ಗುಂಡಿ ತೋಡುವುದು ಕಷ್ಟವಲ್ಲ. ತೋಡಿದ ಗುಂಡಿಯಲ್ಲಿ ನೀರನ್ನು ನಿಲ್ಲಿಸುವುದೇ ಕಷ್ಟ. ಪ್ಲಾಸ್ಟಿಕ್ ಹಾಳೆ ಹಾಸಬಹುದು, ಸಿಮೆಂಟು ಬಳಿಯಬಹುದು, ಜೇಡಿಮಣ್ಣನ್ನು ಮೆತ್ತಬಹುದು. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಹಕ್ಕಿಗೂ ಕಪ್ಪೆಗೂ ಉಪಕಾರ ಮಾಡಲೆಂದು ತೋಡಿದ ಕೊಳವೇ ನೆಲಕ್ಕೂ ಗಾಳಿಗೂ ಅಪಕಾರ ಮಾಡುವಂತಾಗಬಾರದು. ಆದುದರಿಂದ ಆಯ್ಕೆಗೆ ಮೊದಲು ಪ್ರತಿಯೊಂದು ವಸ್ತುವನ್ನೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಅದು ಎಲ್ಲಿಂದ ಬಂದಿತು? ಇಲ್ಲಿರುವಷ್ಟು ಕಾಲ ಏನು ಮಾಡುತ್ತದೆ? ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗಳನ್ನು ಕೇಳುವ ಮೊದಲು ನೀರು ಏಕೆ ಇಂಗುತ್ತದೆ ಎಂಬುದನ್ನು ತಿಳಿಯೋಣ. ನೆಲವು ಗಟ್ಟಿಯಾಗಿ ಕಂಡರೂ ಅದು ಅಸಂಖ್ಯಾತ ಕಣಗಳ ರಾಶಿ. ಮೂರು ಡಬ್ಬಿಗಳಲ್ಲಿ ನಿಂಬೆಹಣ್ಣು, ರಾಗಿ ಮತ್ತು ನುಣ್ಣನೆಯ ಹಿಟ್ಟನ್ನು ತುಂಬಿದರೆ, ನಿಂಬೆಹಣ್ಣುಗಳ ನಡುವಣ ಸಂದುಗಳು ಕಣ್ಣಿಗೆ ಕಾಣುತ್ತವೆ; ರಾಗಿಯಲ್ಲಿ ಅವು ಸಣ್ಣವಾಗುತ್ತವೆ; ಹಿಟ್ಟಿನಲ್ಲಿ ಕಾಣುವುದೇ ಇಲ್ಲ. ಮಣ್ಣಿನಲ್ಲಿಯೂ ಹೀಗೆಯೇ. ಮರಳಿನ ಕಣದ ವ್ಯಾಸ 2 ಮಿಲಿಮೀಟರಿನವರೆಗೂ ಇರಬಹುದು. ಜೇಡಿಯ ಕಣವಾದರೋ 0.002 ಮಿಲಿಮೀಟರಿಗಿಂತ ಚಿಕ್ಕದು. ಜೇಡಿಮಣ್ಣಿನಲ್ಲಿ ಸಂದುಗಳು ಇಲ್ಲವೆಂದಲ್ಲ, ಅವು ಲೆಕ್ಕವಿಲ್ಲದಷ್ಟಿವೆ. ಆದರೆ ಒಂದೊಂದೂ ಅತಿ ಕಿರಿದಾದುದರಿಂದ ನೀರು ಅವುಗಳೊಳಗೆ ಸಿಕ್ಕಿಕೊಂಡು ಬಹು ನಿಧಾನವಾಗಿ ಚಲಿಸುತ್ತದೆ.

ಸ್ಥೂಲವಾಗಿ ಹೇಳುವುದಾದರೆ, ಮರಳುನೆಲದಲ್ಲಿ ಗಂಟೆಗೆ 30 ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು ನೀರು ಇಂಗುತ್ತದೆ. ಜೇಡಿನೆಲದಲ್ಲಿ 1ರಿಂದ 5 ಮಿಲಿಮೀಟರು ಮಾತ್ರ. ಇದರ ಅರ್ಥವೇನೆಂದು ಲೆಕ್ಕ ಹಾಕಿ ನೋಡೋಣ. 60 ಸೆಂಟಿಮೀಟರು ಆಳದ ಕೊಳವು ಮರಳುನೆಲದಲ್ಲಿ ಒಂದು ಹಗಲು ಒಂದು ಇರುಳು ಕಳೆಯುವುದರೊಳಗೆ ಬರಿದಾಗುತ್ತದೆ. ಗಂಟೆಗೆ 1 ಮಿಲಿಮೀಟರು ಮಾತ್ರ ಇಂಗುವ ಜೇಡಿನೆಲದಲ್ಲಿ ಅದೇ ನೀರು ಇಂಗಲು 25 ದಿನಗಳು ಬೇಕು. ಆ ಜೇಡಿಯನ್ನು ಚೆನ್ನಾಗಿ ಹದಗೊಳಿಸಿದರೆ ನೀರು ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ.

ಜೇಡಿಯನ್ನು ಹದಗೊಳಿಸುವ ಈ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ನಾಟಿಗೆ ಮೊದಲು ಅವರು ಗದ್ದೆಗೆ ನೀರು ಕಟ್ಟಿ, ಮತ್ತೆ ಮತ್ತೆ ಉತ್ತು, ಮಣ್ಣನ್ನು ಕಲಸಿ ಕೆಸರು ಮಾಡುತ್ತಾರೆ. ಹಾಗೆ ಕಲಸಿದಾಗ ಮಣ್ಣಿನ ಹೆಂಟೆಗಳು ಒಡೆದು, ಒಳಗಿನ ಗಾಳಿ ಹೊರಬಿದ್ದು, ನುಣ್ಣನೆಯ ಕಣಗಳು ಒಂದರ ಮಗ್ಗುಲಲ್ಲಿ ಒಂದು ಒತ್ತಿ ಕುಳಿತುಕೊಳ್ಳುತ್ತವೆ. ಗದ್ದೆಯಲ್ಲಿ ನೀರು ನಿಲ್ಲುವುದು ಈ ಕಾರಣದಿಂದಲೇ. ಗದ್ದೆಯ ಕೆಸರನ್ನು ತುಳಿದ ಹುಡುಗನು ಕೊಳ ಕಟ್ಟುವ ವಿದ್ಯೆಯ ಮೊದಲ ಪಾಠವನ್ನು ಕಾಲಿನಿಂದಲೇ ಕಲಿತಿದ್ದಾನೆ ಎಂದರೆ ತಪ್ಪಾಗಲಾರದು.

ದೂರದ ಇಂಗ್ಲೆಂಡಿನಲ್ಲಿಯೂ ಇದೇ ವಿದ್ಯೆಯು ಒಂದು ದೊಡ್ಡ ಕಾರ್ಯವನ್ನು ಸಾಧಿಸಿತು. ಅಲ್ಲಿ 18ನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಯಂತ್ರಶಿಲ್ಪಿಯಿದ್ದನು. ಅವನು ಹೆಚ್ಚು ಓದುಬರಹ ಬಲ್ಲವನಾಗಿರಲಿಲ್ಲ. ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲನ್ನು ದೋಣಿಗಳಲ್ಲಿ ಸಾಗಿಸಲು ಅವನೊಂದು ಕಾಲುವೆಯನ್ನು ಯೋಜಿಸಿದನು. ಆ ಕಾಲುವೆಯು ಇರ್ವೆಲ್ ನದಿಯನ್ನು ಸೇತುವೆಯ ಮೇಲೆ ದಾಟಬೇಕಾಗಿತ್ತು. ನೀರು ಸೋರದಂತೆ ಸೇತುವೆಯ ಮೇಲೆ ಕಾಲುವೆ ಹರಿಯುವುದು ಸಾಧ್ಯವೇ ಎಂದು ಅನೇಕರು ಸಂಶಯಪಟ್ಟರು. ಆಗ ಬ್ರಿಂಡ್ಲಿಯು ಪಾರ್ಲಿಮೆಂಟಿನ ಸಮಿತಿಯ ಮುಂದೆ ಒಂದು ರಾಶಿ ಜೇಡಿಮಣ್ಣನ್ನು ತರಿಸಿ, ಅದನ್ನು ನೀರಿನಲ್ಲಿ ಕಲಸಿ ದೋಣಿಯಾಕಾರ ಮಾಡಿ, ಅದರಲ್ಲಿ ನೀರು ತುಂಬಿ ತೋರಿಸಿದನೆಂಬ ಕಥೆಯುಂಟು. ಅದೇನೇ ಇರಲಿ, ಬಾರ್ಟನ್ನಿನ ಆ ಸೇತುವೆಯ ಮೇಲೆ 1761ರಲ್ಲಿ ದೋಣಿಗಳು ಸಾಗಿದುವು. ಕಲಸಿದ ಜೇಡಿಯ ಹಾಸು ನೂರಕ್ಕೂ ಹೆಚ್ಚು ವರ್ಷ ಅಲ್ಲಿ ನೀರನ್ನು ತಡೆದು ನಿಲ್ಲಿಸಿತು.

ಹಾಗಾದರೆ ನಮ್ಮ ಕೊಳಕ್ಕೂ ಜೇಡಿಮಣ್ಣೇ ಸಾಕಲ್ಲವೇ? ಸಾಕು, ಆದರೆ ನಮ್ಮ ನೆಲದಲ್ಲಿ ಜೇಡಿ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಇದಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಒಂದು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗಕ್ಕೆ ಪುಡಿಮಾಡಿದ ಮಣ್ಣು ಹಾಕಿ, ಉಳಿದ ಭಾಗಕ್ಕೆ ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದು ನಿಮಿಷದೊಳಗೆ ತಳಕ್ಕೆ ಇಳಿಯುತ್ತದೆ. ಅದರ ಮೇಲೆ ಮರಳಿಗಿಂತ ನುಣ್ಣನೆಯ ಗೋಡು ಕೆಲವು ಗಂಟೆಗಳಲ್ಲಿ ಕೂರುತ್ತದೆ. ಜೇಡಿ ಮಾತ್ರ ಒಂದು ದಿನಕ್ಕೂ ಮೀರಿ ನೀರನ್ನು ಕದಡಿಸಿಕೊಂಡೇ ಇದ್ದು, ಕೊನೆಗೆ ಎಲ್ಲಕ್ಕಿಂತ ಮೇಲಿನ ಪದರವಾಗಿ ನಿಲ್ಲುತ್ತದೆ. ಈ ಮೇಲಿನ ಪದರವು ಒಟ್ಟು ಮಣ್ಣಿನ ಐದನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ ಆ ಮಣ್ಣನ್ನು ಮಾತ್ರ ನಂಬಿ ಕೊಳ ಮಾಡುವಂತಿಲ್ಲ. ಇನ್ನೊಂದು ಪರೀಕ್ಷೆಯೂ ಉಂಟು. ಒದ್ದೆ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಒತ್ತಿ ಪಟ್ಟಿಯಂತೆ ಹೊರಡಿಸಬೇಕು. ಮರಳುಮಣ್ಣು ಪಟ್ಟಿಯಾಗದೆ ಉದುರುತ್ತದೆ. ಜೇಡಿಮಣ್ಣು ಬೆರಳುದ್ದದ ಪಟ್ಟಿಯಾಗಿ ನೇತಾಡುತ್ತದೆ.

ಮಣ್ಣು ಒಳ್ಳೆಯದೆಂದು ತಿಳಿದ ಮೇಲೆ ಕೆಲಸವನ್ನು ಆರಂಭಿಸಬಹುದು. ನಮ್ಮ ಕೊಳದ ಬಾಯಿ 4 ಮೀಟರು ಉದ್ದ, 3 ಮೀಟರು ಅಗಲ. ನೀರಿನ ಆಳ 60 ಸೆಂಟಿಮೀಟರು. ಬದಿಗಳು ಕಡಿದಾಗಿದ್ದರೆ ಮಣ್ಣು ಜಾರುತ್ತದೆ. ಆದಕಾರಣ ಒಂದು ಅಡಿ ಇಳಿಯಲು ಎರಡು ಅಡಿ ಒಳಕ್ಕೆ ಸರಿಯುವಂತೆ ಓರೆಯಾಗಿ ತೋಡಬೇಕು. 20 ಸೆಂಟಿಮೀಟರು ಜೇಡಿಗೂ ಅದರ ಮೇಲೆ 10 ಸೆಂಟಿಮೀಟರು ಹೊದಿಕೆಗೂ ಸ್ಥಳ ಬೇಕಾದುದರಿಂದ ಗುಂಡಿಯನ್ನು ಅಷ್ಟು ಹೆಚ್ಚು ಆಳವಾಗಿ ತೆಗೆಯಬೇಕು. ಬೇರು, ಕಲ್ಲುಗಳನ್ನು ಆರಿಸಿ, ತಳವನ್ನು ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಬೇಕು. ಜೇಡಿಯನ್ನು ಪುಡಿಮಾಡಿ ಇರುಳೆಲ್ಲ ನೆನೆಸಿ, ಕುಂಬಾರನು ಮಡಕೆಯ ಮಣ್ಣನ್ನು ತುಳಿಯುವಂತೆ ತುಳಿದು ಹದಮಾಡಬೇಕು. ಬಳಿಕ ಎರಡು ಮೂರು ವರಸೆಗಳಾಗಿ ಹಾಕಿ, ಒಂದೊಂದು ವರಸೆಯನ್ನೂ ಬಡಿಯಬೇಕು. ಕೆಳಗಿನ ವರಸೆಯನ್ನು ಸ್ವಲ್ಪ ಗೀಚಿ ಒರಟು ಮಾಡಿದರೆ ಮೇಲಿನದು ಅದಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಕೆಲಸ ನಡೆಯುವಾಗ ಬಿಸಿಲು ತಗಲದಂತೆ ಒದ್ದೆ ಗೋಣಿಚೀಲಗಳನ್ನು ಹೊದಿಸಬೇಕು. ಕೊನೆಗೆ ಮರಳು ಬೆರೆತ ಮಣ್ಣಿನ ಹೊದಿಕೆ ಹಾಕಿ, ನೀರಿನ ಧಾರೆಯು ತಳವನ್ನು ಕೊರೆಯದಂತೆ ಗೋಣಿಯ ಮೇಲೆ ಸುರಿದು ನಿಧಾನವಾಗಿ ತುಂಬಬೇಕು.

ಜೇಡಿಯ ಕೊಳದಲ್ಲಿ ಗಿಡಗಳು ಬೇರೂರುತ್ತವೆ. ಓರೆಯಾದ ದಡದಲ್ಲಿ ಕಪ್ಪೆ ಹತ್ತಿ ಇಳಿಯುತ್ತದೆ. ಮುಂದೊಂದು ದಿನ ಕೊಳ ಬೇಡವಾದರೆ ಅದನ್ನು ಮುಚ್ಚಿ ಬದನೆಗಿಡ ನೆಡಬಹುದು. ನಮ್ಮ ಮೂರನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಜೇಡಿಗೂ ದೋಷಗಳುಂಟು. ಅದು ಒಣಗಬಾರದು, ಒಣಗಿದರೆ ಬಿರಿಯುತ್ತದೆ. ವಿಜಯಪುರ, ಕಲಬುರಗಿ, ರಾಯಚೂರುಗಳ ಎರೆಮಣ್ಣು ನೆನೆದಾಗ ಹಿಗ್ಗಿ ನೀರನ್ನು ಚೆನ್ನಾಗಿ ತಡೆಯುತ್ತದೆ. ಅದೇ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮರದ ಬೇರುಗಳೂ ಏಡಿಯ ಬಿಲಗಳೂ ಜೇಡಿಯ ಹಾಸಿಗೆ ಶತ್ರುಗಳು. ಆದುದರಿಂದ ಜೇಡಿಯ ಕೊಳವನ್ನು ಕಟ್ಟುವವನು ಅದನ್ನು ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು.

ಇನ್ನು ಮೊದಲನೆಯ ಪ್ರಶ್ನೆಯ ವಿಚಾರ. ನಮ್ಮ ಸಣ್ಣ ಕೊಳದ ತಳ ಮತ್ತು ಬದಿಗಳ ವಿಸ್ತಾರ ಸುಮಾರು 13 ಚದರ ಮೀಟರು. ಅದಕ್ಕೆ 20 ಸೆಂಟಿಮೀಟರು ದಪ್ಪ ಜೇಡಿ ಬೇಕೆಂದರೆ ಎರಡೂವರೆ ಘನಮೀಟರಿಗಿಂತ ಹೆಚ್ಚಾಯಿತು. ಅದರ ತೂಕ ಸುಮಾರು 5 ಟನ್ನು. ಇದು ನಾವು ತೋಡಿದ ಗುಂಡಿಯಿಂದಲೇ ದೊರೆತರೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ನೂರು ಕಿಲೋಮೀಟರು ದೂರದಿಂದ ಲಾರಿಯಲ್ಲಿ ತರಿಸಿದರೆ? ಯಾರದೋ ಫಲವತ್ತಾದ ಗದ್ದೆಯನ್ನು ಅಗೆದು ತಂದರೆ? ಲಾರಿ ಉಗುಳಿದ ಹೊಗೆಯೂ ಗದ್ದೆಯಲ್ಲಿ ಉಳಿದ ಹಳ್ಳವೂ ಆ ಕೊಳದ ಲೆಕ್ಕಕ್ಕೇ ಸೇರುತ್ತವೆ. ಮಣ್ಣು ಎಂಬ ಹೆಸರೊಂದರಿಂದಲೇ ಯಾವುದೂ ಪರಿಸರಕ್ಕೆ ಹಿತಕರವಾಗುವುದಿಲ್ಲ.

ನೆಲದಲ್ಲಿ ಜೇಡಿ ಸಾಲದಾದಾಗ ಬೆಂಟೊನೈಟ್ ಎಂಬ ವಿಶೇಷ ಜೇಡಿಯನ್ನು ಬೆರೆಸುವುದುಂಟು. ಜ್ವಾಲಾಮುಖಿಗಳ ಬೂದಿಯು ಬಹು ಕಾಲ ಮಾರ್ಪಾಡು ಹೊಂದಿ ಇದು ಉಂಟಾಗುತ್ತದೆ. ಅಮೆರಿಕದ ಫೋರ್ಟ್ ಬೆಂಟನ್ ಎಂಬ ಹೆಸರಿನಿಂದ ಇದಕ್ಕೆ ಈ ಹೆಸರು ಬಂದಿತು. ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ ಮತ್ತು ರಾಜಸ್ಥಾನದ ಬಾರ್ಮೇರ್ ಪ್ರದೇಶಗಳಲ್ಲಿ ಇದು ದೊರೆಯುತ್ತದೆ. ನೀರು ತಗಲಿದೊಡನೆ ಇದು ತನ್ನ ಗಾತ್ರಕ್ಕಿಂತ ಹಲವು ಪಟ್ಟು ಉಬ್ಬಿ, ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. ಮಣ್ಣಿನ ಗುಣವನ್ನು ಅನುಸರಿಸಿ ಚದರ ಮೀಟರಿಗೆ 5ರಿಂದ 15 ಕಿಲೋಗ್ರಾಂ ಬೇಕಾಗುತ್ತದೆ. ಅಂದರೆ ನಮ್ಮ ಕೊಳಕ್ಕೆ 200 ಕಿಲೋಗ್ರಾಂ ಮೀರದು. ದೂರದಿಂದ ಬಂದರೂ ಐದು ಟನ್ನಿನ ಬದಲು ನಾಲ್ಕಾರು ಚೀಲಗಳು ಬಂದರೆ ಸಾಕಾಗುತ್ತದೆ.

ದನಕರುಗಳಿರುವ ಹಳ್ಳಿಯಲ್ಲಿ ಇನ್ನೊಂದು ಮಾರ್ಗವಿದೆ. ಕೊಳದ ತಳಕ್ಕೂ ಬದಿಗಳಿಗೂ ಸಗಣಿಯನ್ನು ದಪ್ಪವಾಗಿ ಬಳಿದು, ಅದರ ಮೇಲೆ ಹಸಿರೆಲೆ ಹುಲ್ಲುಗಳನ್ನು ಹರಡಿ, ಮೇಲೆ ಮಣ್ಣು ಮುಚ್ಚಿ ಬಡಿದು, ಎರಡು ಮೂರು ವಾರ ತೇವವಾಗಿ ಬಿಡುತ್ತಾರೆ. ಗಾಳಿಯಾಡದ ಆ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಅಂಟಾದ ಲೋಳೆಯನ್ನು ಉಂಟುಮಾಡಿ ಸಂದುಗಳನ್ನು ಮುಚ್ಚುತ್ತವೆ. ಇದಕ್ಕೆ ಗ್ಲೇ ಎಂದು ಹೆಸರು. ಅಂಟುಮಣ್ಣನ್ನು ಸೂಚಿಸುವ ರಷ್ಯನ್ ಮಾತಿನಿಂದ ಇದು ಬಂದಿದೆ. ಸಾಧಾರಣ ಮಣ್ಣಿನಲ್ಲಿ ಇದು ಫಲಿಸುತ್ತದೆ. ಬರಿಯ ಮರಳಿನಲ್ಲಿ ಇದನ್ನು ನಂಬುವಂತಿಲ್ಲ.

ಈಗ ಪ್ಲಾಸ್ಟಿಕ್ ಹಾಳೆಯನ್ನು ನೋಡೋಣ. ಅದನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿಹೊಂಡಗಳನ್ನು ತೋಡಿ, ನೀರು ಇಂಗಿಹೋಗದಂತೆ ಹಾಳೆ ಹಾಸಲಾಯಿತು. ನೀರು ಬಹು ಬೇಗ ಇಂಗುವ ಕೆಂಪುನೆಲದಲ್ಲಿ ಬಾಡುವ ಪೈರಿಗೆ ಒಂದು ಸಲ ನೀರುಣಿಸಲು ಸಾಧ್ಯವಾದರೆ ಆ ಹಾಳೆಯು ರೈತನ ಒಂದು ವರ್ಷದ ದುಡಿಮೆಯನ್ನು ಉಳಿಸಿತೆಂದೇ ಅರ್ಥ. ನಮ್ಮ ಕೊಳಕ್ಕೆ ಅರ್ಧ ಮಿಲಿಮೀಟರು ದಪ್ಪದ ಹಾಳೆ ಹಾಸಿದರೆ ಅದರ ತೂಕ ಜೇಡಿಯ ತೂಕಕ್ಕಿಂತ ಬಹಳ ಕಡಿಮೆ. ಆದರೆ ಹಾಳೆ ನಿರಂತರವಲ್ಲ. ಬಿಸಿಲಿಗೆ ತೆರೆದಿಟ್ಟರೆ ಅದು ಬರಬರುತ್ತ ಬಿರುಸಾಗಿ ಒಡೆದು ಚೂರುಚೂರಾಗುತ್ತದೆ. ಆ ಚೂರುಗಳು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಪಿ.ವಿ.ಸಿ. ಹಾಳೆಯಾದರೆ ಅದನ್ನು ಸುಟ್ಟಾಗ ವಿಷಾನಿಲಗಳು ಹೊರಡುತ್ತವೆ. ಇನ್ನೊಂದು ಅಪಾಯವನ್ನೂ ಮರೆಯಬಾರದು. ನೆನೆದ ಹಾಳೆಯ ಇಳಿಜಾರು ಪಾಚಿಗಟ್ಟಿದ ಬಂಡೆಗಿಂತಲೂ ಜಾರುತ್ತದೆ; ಆಳವಾದ ಹೊಂಡಕ್ಕೆ ಬಿದ್ದ ಕರುವಾಗಲಿ ಮಗುವಾಗಲಿ ತಾವಾಗಿ ಮೇಲೆ ಹತ್ತಲಾರವು. ಹಾಳೆ ಹಾಸಲೇಬೇಕಾದಲ್ಲಿ ಅದರ ಮೇಲೆ ಮಣ್ಣು ಮುಚ್ಚಿ ಬಿಸಿಲಿನಿಂದ ಕಾಪಾಡಬೇಕು. ಆಳದ ಹೊಂಡಕ್ಕೆ ಬೇಲಿಯನ್ನೂ ಹಿಡಿದು ಹತ್ತಲು ಹಗ್ಗವನ್ನೂ ಕಟ್ಟಬೇಕು. ಚಿಕ್ಕ ಕೊಳವಾದರೂ ಎಳೆಯ ಮಕ್ಕಳು ಒಂಟಿಯಾಗಿ ಅದರ ಬಳಿ ಹೋಗದಂತೆ ನೋಡಿಕೊಳ್ಳಬೇಕು.

ಸಿಮೆಂಟು ಗಟ್ಟಿಯಾದುದು, ಬಹುಕಾಲ ಬಾಳುವಂಥದು. ಆದರೆ ಅದನ್ನು ತಯಾರಿಸಲು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಉರಿಸಿದ ಇಂಧನದಿಂದಲೂ ಸುಟ್ಟ ಕಲ್ಲಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಮನುಷ್ಯನು ಗಾಳಿಗೆ ಸೇರಿಸುವ ಈ ಅನಿಲದಲ್ಲಿ ಶೇ. 7ರಿಂದ 8ರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ಅಲ್ಲದೆ ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಇಳಿದು ಮೀನುಗಳಿಗೆ ಹಾನಿಯಾಗುತ್ತದೆ. ಹಲವು ಸಲ ನೀರು ಬದಲಿಸಿದ ಮೇಲೆಯೇ ಅವುಗಳನ್ನು ಬಿಡಬೇಕು. ಸಿಮೆಂಟು ಬರುವ ಮುನ್ನ ನಮ್ಮವರು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯನ್ನು ಬಳಸುತ್ತಿದ್ದರು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಕಟ್ಟಿದುದು ಈ ಸುರ್ಕಿ ಗಾರೆಯಿಂದಲೇ. ಸುಣ್ಣವನ್ನು ಸುಡಲು ಸಿಮೆಂಟಿನಷ್ಟು ಶಾಖ ಬೇಡ. ಅದು ಗಟ್ಟಿಯಾಗುವಾಗ ಕಳೆದುಕೊಂಡ ಅನಿಲದ ಒಂದು ಭಾಗವನ್ನು ಗಾಳಿಯಿಂದ ಮರಳಿ ಹೀರುತ್ತದೆ. ಕಲ್ಲು ಕಟ್ಟಡದ ಕೊಳವನ್ನೇ ಮಾಡಬೇಕಾದಲ್ಲಿ ಈ ಹಳೆಯ ಗಾರೆಯನ್ನು ನೆನೆಯುವುದು ಒಳ್ಳೆಯದು.

ಯಾವ ವಿಧಾನದಿಂದ ಕಟ್ಟಿದರೂ ಕೊಳದ ನೀರು ತಗ್ಗಿದಾಗ ಗಾಬರಿಪಡಬೇಕಾಗಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ನೀರು ಆವಿಯಾಗಿಯೇ ಹೋಗಬಹುದು. ಸೋರಿಕೆಯನ್ನು ಕಂಡುಹಿಡಿಯಲು ಒಂದು ಬಕೆಟ್ಟಿಗೆ ನೀರು ತುಂಬಿ, ಅದನ್ನು ಕೊಳದ ನೀರಿನಲ್ಲಿಯೇ ನಿಲ್ಲಿಸಿ, ಎರಡರ ಮಟ್ಟವನ್ನೂ ಗುರುತು ಮಾಡಬೇಕು. ಕೆಲವು ದಿನಗಳ ಮೇಲೆ ಎರಡೂ ಸಮನಾಗಿ ಇಳಿದಿದ್ದರೆ ನೀರನ್ನು ಕುಡಿದವನು ಸೂರ್ಯ; ಕೊಳದ ಮಟ್ಟ ಹೆಚ್ಚು ಇಳಿದಿದ್ದರೆ ಕುಡಿದುದು ನೆಲ.

ನೆಲ ಕುಡಿಯುವುದು ಯಾವಾಗಲೂ ನಷ್ಟವೇ? ಅದೂ ಅಲ್ಲ. ಬಾವಿ ಬತ್ತಿದ ಊರಿನಲ್ಲಿ ಮಳೆಯ ನೀರನ್ನು ಇಂಗಿಸಲೆಂದೇ ಗುಂಡಿಗಳನ್ನು ತೋಡುತ್ತಾರೆ. ಅಂಥ ಗುಂಡಿಗೆ ಜೇಡಿ ಬಳಿಯುವುದು ಅವಿವೇಕ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುವುದುಂಟು. ಕೆರೆಯ ಹೂಳನ್ನು ಬೇಸಿಗೆಯಲ್ಲಿ ತೆಗೆದು ಹೊಲಕ್ಕೆ ಹೊಡೆಯುವುದು ಹಳೆಯ ಒಳ್ಳೆಯ ರೂಢಿ. ಆದರೆ ಅನೇಕ ವರ್ಷಗಳಿಂದ ತಳದಲ್ಲಿ ಕುಳಿತ ನುಣ್ಣನೆಯ ಜೇಡಿಯನ್ನೂ ಕೆರೆದು ಗರಸುಮಣ್ಣು ಕಾಣುವವರೆಗೆ ಅಗೆದರೆ, ಕೆರೆ ಆಳವಾದರೂ ನೀರು ನಿಲ್ಲದು. ಎಲ್ಲಿ ನೀರನ್ನು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕವೇ ಈ ವಿದ್ಯೆಯ ತಿರುಳು.

ಹಾಗಾದರೆ ನಮ್ಮ ಕೈತೋಟದ ಕೊಳಕ್ಕೆ ಯಾವುದು ಉತ್ತಮ? ಕಾಲ ಕೆಳಗಿನ ಮಣ್ಣಿನಲ್ಲಿ ಸಾಕಷ್ಟು ಜೇಡಿಯಿದ್ದರೆ ಅದೇ ಉತ್ತಮ. ಸ್ವಲ್ಪ ಕೊರತೆಯಿದ್ದರೆ ಬೆಂಟೊನೈಟಾಗಲಿ ಸಗಣಿಯಾಗಲಿ ಆ ಕೊರತೆಯನ್ನು ತುಂಬಬಲ್ಲದು. ಇವು ಯಾವುವೂ ಸಾಲದ ನೆಲದಲ್ಲಿ ಮಾತ್ರ ಹಾಳೆಯನ್ನು ಬಳಸಿ, ಅದನ್ನು ಬಹುಕಾಲ ಬಾಳಿಸುವುದು ಯುಕ್ತ. ಬಾಟಲಿಯೊಳಗಿನ ಪದರಗಳನ್ನು ಎಣಿಸಿ ನೋಡದೆ ಅಂಗಡಿಗೆ ಓಡುವುದು ಮಾತ್ರ ಸರಿಯಲ್ಲ.

ಪರಿಸರವನ್ನು ಕಾಪಾಡುವುದೆಂದರೆ ಯಾವುದೋ ಒಂದು ವಸ್ತುವನ್ನು ಹೊಗಳಿ ಇನ್ನೊಂದನ್ನು ತೆಗಳುವುದಲ್ಲ. ವಸ್ತುವು ಬಂದ ದಾರಿಯನ್ನೂ ಹೋಗುವ ದಾರಿಯನ್ನೂ ಅರಿತು ಅದನ್ನು ಬಳಸುವುದು. ಕೈಯಲ್ಲಿ ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು, ನೀರಿನಲ್ಲಿ ಕಲಸಿ, ಬೆರಳಿನಿಂದ ಒತ್ತಿ ನೋಡುವ ತಾಳ್ಮೆಯಿದ್ದರೆ ನೆಲವೇ ತನ್ನ ಗುಣವನ್ನು ನಮಗೆ ತಿಳಿಸುತ್ತದೆ. ಆ ಮಾತನ್ನು ಕೇಳಿ ಕಟ್ಟಿದ ಕೊಳದಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಲ್ಲಿ ಕಪ್ಪೆಯೂ ಗುಬ್ಬಿಯೂ ತಾವಾಗಿಯೇ ಬರುತ್ತವೆ.